ಅಡ್ವಾನ್ಸ್ ಕೊಟ್ಟಿರಾ, ಡಿಪಾಸಿಟ್ ಇಟ್ಟಿರಾ?

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಮನೆಯ ಕರಾರು ಪತ್ರ ಇಂಗ್ಲಿಷಿನಲ್ಲಿತ್ತು. ಬಾಡಿಗೆ ತಿಂಗಳಿಗೆ 14,000 ರೂಪಾಯಿ. ಒಂದು ತಿಂಗಳ ಬಾಡಿಗೆ ಅಡ್ವಾನ್ಸ್, ಎರಡು ತಿಂಗಳ ಬಾಡಿಗೆ ಸೆಕ್ಯುರಿಟಿ ಡಿಪಾಸಿಟ್ ಅಂತ ಬರೆದಿದ್ದರು. ಒಟ್ಟು 42,000 ಕಟ್ಟಿದೆವು. ಈಗ ಮನೆ ಖಾಲಿ ಮಾಡಿದ್ದಾಳೆ. ಓನರ್ 28,000 ಮಾತ್ರ ವಾಪಸ್ ಕೊಟ್ಟರು. ಅಡ್ವಾನ್ಸ್ ಎಲ್ಲಿ ಅಂತ ಕೇಳಿದರೆ 'ಅದು ಮೊದಲನೇ ತಿಂಗಳೇ ಮುಗಿದುಹೋಯ್ತು' ಅನ್ನುತ್ತಾರೆ. ಇಲ್ಲಿ ನಮ್ಮ ಮನೆಯ ಮೇಲಿನ ಮಹಡಿಯನ್ನೂ ಬಾಡಿಗೆಗೆ ಕೊಟ್ಟಿದ್ದೇವೆ. ಯಾರೇ ಖಾಲಿ ಮಾಡಲಿ, ಅವರ ಅಡ್ವಾನ್ಸ್ ಎಣಿಸಿ ಕೊಟ್ಟೇ ಕಳಿಸುತ್ತೇವೆ. ಅಡ್ವಾನ್ಸ್, ಡಿಪಾಸಿಟ್ ಎರಡೂ ಒಂದೇ ಅಲ್ವಾ? ನಮಗೆ ಮೋಸ ಆಯಿತಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮೋಸ ಆಗಿರುವ ಹಾಗೆ ಕಾಣುವುದಿಲ್ಲ. ಆದರೆ ಖಚಿತವಾಗಿ ಹೇಳುವ ಮೊದಲು ನೀವೊಂದು ಕೆಲಸ ಮಾಡಬೇಕು. ಮಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಆ ಮನೆಗೆ ಎಷ್ಟು ಸಲ 14,000 ಹೋಗಿದೆ ಅಂತ ಎಣಿಸಿ. ಅವಳು ಆ ಮನೆಯಲ್ಲಿ 24 ತಿಂಗಳು ಇದ್ದಳು ಅಂದುಕೊಳ್ಳೋಣ. ಅಡ್ವಾನ್ಸ್ ಬಿಟ್ಟು 23 ಸಲ ಬಾಡಿಗೆ ಹೋಗಿದ್ದರೆ ಲೆಕ್ಕ ಚುಕ್ತಾ. ಮೊದಲ ತಿಂಗಳ ಬಾಡಿಗೆ ಅಂತ ಬೇರೆಯಾಗಿ ಕಟ್ಟಿ, 24 ಸಲ ಹೋಗಿದ್ದರೆ ಓನರ್ ಕಡೆ ನಿಮ್ಮ 14,000 ಉಳಿದಿದೆ. ಆಗ ಧೈರ್ಯವಾಗಿ ಕೇಳಿ.

ಈಗ ಪದಗಳ ವಿಷಯಕ್ಕೆ ಬರೋಣ. ನೀವು ಗೊಂದಲ ಮಾಡಿಕೊಂಡದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅದು ನಮ್ಮ ಊರಿನ ಇಂಗ್ಲಿಷಿನ ತಪ್ಪು. ತಪ್ಪು ಅನ್ನುವುದಕ್ಕಿಂತ ಅಭ್ಯಾಸ ಅನ್ನಿ. ದಾವಣಗೆರೆಯಲ್ಲಿ ಮನೆ ನೋಡಲು ಹೋದವರು ನೀರು ಹೇಗೆ, ಬಾಡಿಗೆ ಎಷ್ಟು ಅಂತ ಕೇಳಿದ ಮೇಲೆ ಮೂರನೇ ಪ್ರಶ್ನೆಯಾಗಿ 'ಅಡ್ವಾನ್ಸ್ ಎಷ್ಟ್ರೀ' ಅನ್ನುತ್ತಾರೆ. ಡಿಪಾಸಿಟ್ ಎಷ್ಟು ಅಂತ ಕೇಳಿದವರನ್ನು ನಾನು ಕಂಡಿಲ್ಲ. ಹಾಗೆ ಕೇಳಿಸಿಕೊಂಡ ಆ 'ಅಡ್ವಾನ್ಸ್' ಬಾಡಿಗೆಗೆ ಸೇರುವುದಿಲ್ಲ. ಓನರ್ ಹತ್ತಿರ ಸುಮ್ನೆ ಇರುತ್ತದೆ. ಬಿಟ್ಟು ಹೋಗುವಾಗ ಪೇಂಟಿಂಗ್ ಖರ್ಚು ಮುರಿದುಕೊಂಡು ಉಳಿದದ್ದು ವಾಪಸ್. ಅಂದರೆ ನಾವು ಅಡ್ವಾನ್ಸ್ ಅಂತ ಕರೆಯುವುದು ಅಪ್ಪಟ ಡಿಪಾಸಿಟ್. ಪುಣೆಯ ಓನರ್ ಬರೆದದ್ದು ಇಂಗ್ಲಿಷಿನ ಅರ್ಥದಲ್ಲಿ, ನೀವು ಓದಿಕೊಂಡದ್ದು ವಿದ್ಯಾನಗರದ ಅರ್ಥದಲ್ಲಿ. 14,000ದ ಜಗಳ ಹುಟ್ಟಿದ್ದು ಅಲ್ಲೇ.

ಇಂಗ್ಲಿಷಿನಲ್ಲಿ ಇವೆರಡರ ಬೇರು ಬೇರೆ ಬೇರೆ. ಡಿಪಾಸಿಟ್ ಲ್ಯಾಟಿನ್ ಮೂಲದ ಪದ. ಅದರ ಅರ್ಥ ಕೆಳಗಿಡು, ಇರಿಸು. ಹಳೆಯ ರೋಮನ್ ಕಾನೂನಿನಲ್ಲೂ ಇದಕ್ಕೊಂದು ಜಾಗ ಇತ್ತು. ಒಬ್ಬ ತನ್ನ ವಸ್ತುವನ್ನು ಇನ್ನೊಬ್ಬನ ಹತ್ತಿರ ಜೋಪಾನಕ್ಕೆ ಇಟ್ಟರೆ ಅದು ಡೆಪಾಸಿಟಮ್. ಇಟ್ಟುಕೊಂಡವನು ಕೇಳಿದಾಗ ಹಿಂದಿರುಗಿಸಬೇಕು. ಅಡ್ವಾನ್ಸ್ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅವಾಂ ಅಂದರೆ ಮುಂಚೆ, ಮುಂದೆ. ಅಡ್ವಾನ್ಸ್ ಪದದಲ್ಲಿರುವ 'ಡ' ಕೂಡ ಮೂಲದಲ್ಲಿ ಇರಲಿಲ್ಲ. 16ನೇ ಶತಮಾನದಲ್ಲಿ ಯಾರೋ ಪಂಡಿತರು ಇದು ಲ್ಯಾಟಿನ್ನಿನ 'ಅಡ್' ಇರಬೇಕು ಅಂದುಕೊಂಡು ತೂರಿಸಿದರು. ಅಂದರೆ ಈ ಪದಕ್ಕೇ ಒಂದು ಅಕ್ಷರ ಅಡ್ವಾನ್ಸ್ ಕೊಟ್ಟಿದ್ದಾರೆ, ಇನ್ನೂ ವಾಪಸ್ ಬಂದಿಲ್ಲ!

ಕನ್ನಡದಲ್ಲೂ ಇದೇ ಜೋಡಿ ಇದೆ. ಮುಂಗಡ ಅನ್ನುವ ಪದದಲ್ಲೇ 'ಮುಂ' ಕೂತಿದೆ. ಠೇವಣಿ ಮರಾಠಿಯಿಂದ ಬಂದದ್ದು, ಅಲ್ಲಿ ಠೇವಣೆ ಅಂದರೆ ಇಡುವುದು. ನಮ್ಮದೇ ಹಳೆಯ ಪದ ಬೇಕಿದ್ದರೆ ಇಡುಗಂಟು ಇದೆ, ಇಟ್ಟ ಗಂಟು. ಲ್ಯಾಟಿನ್, ಮರಾಠಿ, ಕನ್ನಡ ಮೂರೂ ಕಡೆ ಅದೇ ಕ್ರಿಯಾಪದ ಬಂದಿದೆ ನೋಡಿ.

ಹಾಗಾಗಿ ಯಾರಾದರೂ ಈ ಎರಡರ ವ್ಯತ್ಯಾಸ ಕೇಳಿದರೆ ನಾನು ಡಿಕ್ಷನರಿ ತೆಗೆಯುವುದಿಲ್ಲ. 'ಈ ದುಡ್ಡನ್ನು ನೀವು ಕೊಟ್ಟಿದ್ದಾ, ಇಟ್ಟಿದ್ದಾ?' ಅಂತ ಕೇಳುತ್ತೇನೆ. ಕೊಟ್ಟದ್ದಾದರೆ ಅಡ್ವಾನ್ಸ್. ಅದು ಮುಂದೆ ಬರುವ ಬಿಲ್ಲಿನ ಒಂದು ಭಾಗ, ಬಿಲ್ ಬಂದಾಗ ಅದರಲ್ಲಿ ಕರಗುತ್ತದೆ. ಇಟ್ಟದ್ದಾದರೆ ಡಿಪಾಸಿಟ್. ಬಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಭದ್ರತೆಗೆ ಇರುವ ದುಡ್ಡು, ಕೆಲಸ ಮುಗಿದ ಮೇಲೆ ನಿಮ್ಮದೇ. ನಮ್ಮ ಬಾಯಿಗೂ ಈ ವ್ಯತ್ಯಾಸ ಗೊತ್ತು. ಬ್ಯಾಂಕಿನಲ್ಲಿ ಡಿಪಾಸಿಟ್ 'ಇಡುತ್ತೇವೆ'. ಟೈಲರ್‌ಗೆ ಅಡ್ವಾನ್ಸ್ 'ಕೊಡುತ್ತೇವೆ'. ಅಡ್ವಾನ್ಸ್ ಇಟ್ಟಿದ್ದೇನೆ ಅಂತ ಯಾರೂ ಹೇಳುವುದಿಲ್ಲ.

ಎರಡೂ ಒಂದೇ ಚೀಟಿಯಲ್ಲಿ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನಮ್ಮ ಅಕ್ಕನ ಮಗಳ ಮದುವೆ. ಇಲ್ಲೇ ದಾವಣಗೆರೆಯ ಒಂದು ಕಲ್ಯಾಣ ಮಂಟಪ, ಹೆಸರು ಬೇಡ. ಬಾಡಿಗೆ 1,20,000. ಬುಕ್ ಮಾಡುವಾಗ ಭಾವ 55,000 ಕಟ್ಟಿ ಬಂದರು. ಗುಲಾಬಿ ಬಣ್ಣದ ರಸೀದಿಯಲ್ಲಿ ಎರಡು ಸಾಲು ಇದ್ದವು. ಅಡ್ವಾನ್ಸ್ 40,000, ಡಿಪಾಸಿಟ್ 15,000. ಭಾವ ಕೆಳಗಿನ ಮೊತ್ತ ಮಾತ್ರ ನೋಡಿ ಮಡಚಿ ಜೇಬಿಗೆ ಹಾಕಿಕೊಂಡರು. ಮದುವೆಯ ಹಿಂದಿನ ದಿನ ಸಂಜೆ ಬೀಗ ತೆಗೆಸಲು ಹೋದಾಗ ಅವರ ಕೈಯಲ್ಲಿದ್ದದ್ದು ಲೆಕ್ಕ ಹಾಕಿ ತಂದ 65,000. ಮ್ಯಾನೇಜರ್ ಕೇಳಿದ್ದು 80,000.

'ಏನ್ರೀ ಇದು, ಐವತ್ತೈದು ಆಗ್ಲೇ ಕಟ್ಟಿದೀನಲ್ರೀ' ಅಂತ ಭಾವ. 'ಸಾರ್, ಹದಿನೈದು ಡಿಪಾಸಿಟ್ಟು. ಅದು ಬಾಡಿಗೆಗೆ ಬರಲ್ಲ' ಅಂತ ಮ್ಯಾನೇಜರ್. ಹೊರಗೆ ದಿಬ್ಬಣದ ಬಸ್ಸು ಬಂದು ನಿಂತಿತ್ತು. ಸೀರೆ ಗಂಟು, ಹಣ್ಣಿನ ಬುಟ್ಟಿ ಹಿಡಿದು ಹೆಂಗಸರು ಗೇಟಿನ ಹತ್ತಿರ ಕಾಯುತ್ತಿದ್ದರು. ಕೊನೆಗೆ ನಮ್ಮ ಅಣ್ಣ 15,000 ಫೋನ್‌ಪೇ ಮಾಡಿದ ಮೇಲೆ ಬಾಗಿಲು ತೆರೆಯಿತು. ಮದುವೆ ಮುಗಿದ ಮೂರನೇ ದಿನ ಡಿಪಾಸಿಟ್ ಲೆಕ್ಕ ಕೊಟ್ಟರು. ಕರೆಂಟ್ ಯೂನಿಟ್‌ಗೆ 6,200, ಕ್ಲೀನಿಂಗ್‌ಗೆ 3,000, ಕಾಲು ಮುರಿದ ಎರಡು ಕುರ್ಚಿಗೆ 900. ಉಳಿದ 4,900 ಕೈಗೆ ಬಂತು. ಕುರ್ಚಿ ಮುರಿದದ್ದು ನಮ್ಮ ಕಡೆಯವರಲ್ಲ, ಗಂಡಿನ ಕಡೆಯವರು ಅಂತ ಭಾವ ಇವತ್ತಿಗೂ ವಾದಿಸುತ್ತಾರೆ. ಅದು ಬೇರೆ ಮಾತು.

ಆ ರಸೀದಿಯನ್ನೇ ಇನ್ನೊಂದು ಸಲ ನೋಡಿ. ಮದುವೆ ನಡೆದಾಗ 40,000 ಬಾಡಿಗೆಯೊಳಗೆ ಸೇರಿಹೋಯಿತು, ಅದಕ್ಕೆ ಬೇರೆ ಲೆಕ್ಕ ಇಲ್ಲ. 15,000ಕ್ಕೆ ಮಾತ್ರ ಐಟಂವಾರು ಲೆಕ್ಕ ಕೊಡಬೇಕಾಯಿತು. ಡಿಪಾಸಿಟ್‌ನಲ್ಲಿ ಏನೇ ಮುರಿದುಕೊಂಡರೂ ಯಾವುದಕ್ಕೆ ಎಷ್ಟು ಅಂತ ಹೇಳುವ ಜವಾಬ್ದಾರಿ ಇಟ್ಟುಕೊಂಡವರದು.

ದಿನಾ ನಾವು ಇಟ್ಟಿರುವ ಡಿಪಾಸಿಟ್‌ಗಳು ಇನ್ನೂ ಇವೆ. ಗ್ಯಾಸ್ ಸಿಲಿಂಡರ್‌ಗೆ ಕಟ್ಟಿದ್ದು, ಬೆಸ್ಕಾಂಗೆ ಕಟ್ಟಿದ್ದು. ಕರೆಂಟ್ ಬಿಲ್ಲಿನಲ್ಲಿ ಕೆಲವೊಮ್ಮೆ ಎಎಸ್‌ಡಿ ಅಂತ ಬಂದು ಎಲ್ಲರೂ ಬೈದುಕೊಳ್ಳುತ್ತಾರಲ್ಲ, ಅದು ಹೆಚ್ಚುವರಿ ಭದ್ರತಾ ಠೇವಣಿ. ನಿಮ್ಮ ಮನೆಯ ಬಳಕೆ ಜಾಸ್ತಿ ಆದಾಗ ಇಟ್ಟ ದುಡ್ಡು ಸಾಲದು ಅಂತ ಕೇಳುತ್ತಾರೆ. ಅದು ಖರ್ಚಾದ ದುಡ್ಡಲ್ಲ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಆ ಠೇವಣಿಗೆ ಬಡ್ಡಿಯನ್ನೂ ಕೊಡಬೇಕು. ಆ ಬಡ್ಡಿ ಬಿಲ್ಲಿನಲ್ಲೇ ಜಮಾ ಆಗುತ್ತದೆ, ವರ್ಷಕ್ಕೊಮ್ಮೆ ಕಣ್ಣಾಡಿಸಿ.

ಅಡ್ವಾನ್ಸ್‌ಗೆ ಎಪಿಎಂಸಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೆಕ್ಕೆಜೋಳ ಬಿತ್ತುವಾಗ ಗೊಬ್ಬರಕ್ಕೆ ಅಂತ ರೈತ ದಲ್ಲಾಲಿ ಅಂಗಡಿಯಿಂದ 20,000 ಮುಂಗಡ ತಂದಿರುತ್ತಾನೆ. ಮಾಲು ಬಂದಾಗ ಪಟ್ಟಿ ಬರೆಯುತ್ತಾರೆ. ತೂಕ, ದರ, ಹಮಾಲಿ, ಆಮೇಲೆ 'ಮುಂಗಡ ವಜಾ'. ಆ ಸಾಲಿನಲ್ಲಿ 20,000 ಕರಗಿ ಉಳಿದದ್ದು ಕೈಗೆ ಬರುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವಾಗಲೂ ಇದೇ ರೀತಿ. ಚೇಣಿದಾರ ಕೊಟ್ಟ ಅಡ್ವಾನ್ಸನ್ನು ಯಾರೂ 'ವಾಪಸ್' ಕೇಳುವುದಿಲ್ಲ, ಲೆಕ್ಕದಲ್ಲಿ ಕಳೆಯುತ್ತಾರೆ. ಸರ್ಕಾರಿ ನೌಕರರ ಹಬ್ಬದ ಮುಂಗಡವೂ ಅಷ್ಟೆ, ಕಂತು ಕಂತಾಗಿ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ.

ಬ್ಯಾಂಕಿನವರ ಭಾಷೆಯಲ್ಲಿ ಇದೇ ಜೋಡಿ ಎದುರುಬದುರಾಗಿ ಕೂತಿದೆ. ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಡಿಪಾಸಿಟ್ಸ್ ಅಂದರೆ ನಾವು ಬ್ಯಾಂಕಿನಲ್ಲಿ ಇಟ್ಟದ್ದು. ಅಡ್ವಾನ್ಸಸ್ ಅಂದರೆ ಬ್ಯಾಂಕು ನಮಗೆ ಕೊಟ್ಟ ಸಾಲ. ಠೇವಣಿ ಇಷ್ಟು ಕೋಟಿ, ಮುಂಗಡ ಇಷ್ಟು ಕೋಟಿ ಅಂತ ಪೇಪರಿನಲ್ಲಿ ಓದಿದಾಗ ಮುಂಗಡ ಅಂದರೆ ಅಲ್ಲಿ ಸಾಲ ಅಂತಲೇ ತಿಳಿಯಿರಿ. ಇಲ್ಲೂ ಇಟ್ಟದ್ದು, ಕೊಟ್ಟದ್ದು ಅನ್ನುವ ಲೆಕ್ಕ ತಪ್ಪುವುದಿಲ್ಲ.

ಆದರೆ ಒಂದು ಕಡೆ ಮಾತ್ರ ನನ್ನ ಸೂತ್ರ ಕೈಕೊಡುತ್ತದೆ, ಮುಚ್ಚಿಡುವುದಿಲ್ಲ. ಇಂಗ್ಲೆಂಡಿನವರು ಮನೆ ಕೊಳ್ಳುವಾಗ, ಪ್ರವಾಸ ಬುಕ್ ಮಾಡುವಾಗ ಮೊದಲು ಕಟ್ಟುವ ಕಂತಿಗೂ ಡಿಪಾಸಿಟ್ ಅನ್ನುತ್ತಾರೆ. ಅದು ವಾಪಸ್ ಬರುವ ದುಡ್ಡಲ್ಲ, ಬೆಲೆಯೊಳಗೆ ಸೇರುತ್ತದೆ. ಡಿಪಾಸಿಟ್ ಒಂದೇ ಇದ್ದರೆ ಎರಡು ಅರ್ಥ ಬರಬಹುದು ಅಂತಲೇ ಕರಾರುಗಳಲ್ಲಿ ಮುಂದೆ ಸೆಕ್ಯುರಿಟಿ ಅಂತ ಸೇರಿಸುವುದು. ನಿಮ್ಮ ಮಗಳ ಪತ್ರದಲ್ಲಿ ಆ ಪದ ಇತ್ತು. ಅದಕ್ಕೇ ಅವಳ 28,000 ಏನೂ ಮುಕ್ಕಾಗದೆ ಬಂದಿದೆ. ಪೇಂಟಿಂಗ್‌ಗೂ ಮುರಿದುಕೊಂಡಿಲ್ಲ ಅಂದರೆ ಆ ಓನರ್ ನಮ್ಮ ಕಡೆಯವರಿಗಿಂತ ಒಂದು ಕೈ ಮೇಲು, ಅಲ್ವಾ!

ನಿಮ್ಮ ಮೇಲಿನ ಮಹಡಿಯ ಕರಾರಿನಲ್ಲಿ ಮುಂದಿನ ಸಲ ಅಡ್ವಾನ್ಸ್ ಅಂತ ಬರೆಸಬೇಡಿ. 'ಭದ್ರತಾ ಠೇವಣಿ, ಬಾಡಿಗೆಗೆ ಸೇರುವುದಿಲ್ಲ, ಖಾಲಿ ಮಾಡುವಾಗ ವಾಪಸ್' ಅಂತ ಒಂದು ಸಾಲು ಹಾಕಿಸಿ. ಇಲ್ಲದಿದ್ದರೆ ಹೊರ ರಾಜ್ಯದ ಬಾಡಿಗೆದಾರರು ಮೊದಲ ತಿಂಗಳು ಬಾಡಿಗೆ ಕೊಡದೆ 'ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ' ಅಂದರೆ ಪದದ ಪ್ರಕಾರ ಅವರೇ ಸರಿ.

ಪ್ರಶ್ನೆ: ಚಿತ್ರದುರ್ಗದಲ್ಲಿ 18 ಲಕ್ಷಕ್ಕೆ ಒಂದು ಸೈಟ್ ಮಾತಾಡಿದೆ. 50,000 ಟೋಕನ್ ಅಡ್ವಾನ್ಸ್ ಕೊಟ್ಟು ಬಿಳಿ ಹಾಳೆಯಲ್ಲಿ ಸಹಿ ಮಾಡಿಸಿಕೊಂಡೆ. ಬ್ಯಾಂಕ್ ಸಾಲ ಸಿಗಲಿಲ್ಲ. ದುಡ್ಡು ವಾಪಸ್ ಕೇಳಿದರೆ 'ಅಡ್ವಾನ್ಸ್ ಹೋದಂಗೆ' ಅನ್ನುತ್ತಾರೆ. ಅದೇನು ರೂಢಿಯೋ ಕಾನೂನೋ?
– ಓದುಗರು, ಚಿತ್ರದುರ್ಗ

ಉತ್ತರ: ಇಲ್ಲಿ ಮೂರನೇ ಪದ ಒಂದು ಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಅರ್ನೆಸ್ಟ್ ಮನಿ, ಕನ್ನಡದಲ್ಲಿ ಸಂಚಕಾರ. ಈಗ ಸಂಚಕಾರ ಅಂದರೆ ಪ್ರಾಣಕ್ಕೆ ಬಂದ ಕುತ್ತು ಅಂತ ಮಾತ್ರ ಗೊತ್ತು. ಮೊದಲು ಅದು ವ್ಯಾಪಾರದ ಪದ, ಸತ್ಯಂಕಾರ ಅನ್ನುವುದರ ತದ್ಭವ. ಮಾತು ನಿಜ ಅಂತ ತೋರಿಸಲು ಕೈಗೆ ಹಾಕುವ ದುಡ್ಡು. ವ್ಯಾಪಾರ ನಡೆದರೆ ಬೆಲೆಯಲ್ಲಿ ಸೇರುತ್ತದೆ, ಕೊಳ್ಳುವವನೇ ಹಿಂದೆ ಸರಿದರೆ ಹೋಗುತ್ತದೆ. ಹೀಗೆ ಕಳೆದುಕೊಂಡವರೇ ಆ ಪದಕ್ಕೆ ಈಗಿನ ಅರ್ಥ ಕೊಟ್ಟಿರಬೇಕು ಅಂತ ನನ್ನ ತಮಾಷೆಯ ಗುಮಾನಿ.

ಕೋರ್ಟು ಇದನ್ನು ಬೇರ್ಪಡಿಸಿ ನೋಡುತ್ತದೆ. ಫತೇಹ್ ಚಂದ್ ಪ್ರಕರಣ ಅಂತ ಒಂದಿದೆ, ಸುಪ್ರೀಂ ಕೋರ್ಟಿನ 1963ರ ತೀರ್ಪು. ದೆಹಲಿಯ ಒಂದು ಬಂಗಲೆ, ಬೆಲೆ 1,12,500. ಕೊಳ್ಳುವವರು ಮೊದಲು ಸಂಚಕಾರವಾಗಿ 1,000, ಆಮೇಲೆ 24,000 ಕೊಟ್ಟಿದ್ದರು. ವ್ಯವಹಾರ ಮುರಿದುಬಿತ್ತು. ಮಾರುವವರು ಪೂರ್ತಿ 25,000 ಇಟ್ಟುಕೊಳ್ಳುತ್ತೇನೆ ಅಂದರು. ಕೋರ್ಟು 1,000 ಇಟ್ಟುಕೊಳ್ಳಬಹುದು, 24,000 ಹಾಗೆ ಮುಟ್ಟುಗೋಲು ಹಾಕಿಕೊಳ್ಳಲು ಬರುವುದಿಲ್ಲ ಅಂದಿತು. 2012ರಲ್ಲಿ ಸತೀಶ್ ಬಾತ್ರಾ ಪ್ರಕರಣದಲ್ಲಿ ಅದೇ ಕೋರ್ಟು ಮತ್ತೆ ಬಿಡಿಸಿ ಹೇಳಿತು. ಕೊಟ್ಟ ದುಡ್ಡು ಬರೀ ಬೆಲೆಯ ಒಂದು ಕಂತಾಗಿದ್ದರೆ ಮುಟ್ಟುಗೋಲು ಇಲ್ಲ. ಮಾತಿಗೆ ಭದ್ರತೆಯಾಗಿ ಕೊಟ್ಟದ್ದು ಅಂತ ಕರಾರಿನಿಂದ ಸ್ಪಷ್ಟವಾದರೆ ಮಾತ್ರ ಮುಟ್ಟುಗೋಲು.

ಅಂದರೆ ಹಾಳೆಯ ಮೇಲೆ ಟೋಕನ್ ಅಂತ ಬರೆದಿದ್ದಾರೋ ಅಡ್ವಾನ್ಸ್ ಅಂತ ಬರೆದಿದ್ದಾರೋ ಅನ್ನುವುದೊಂದೇ ನಿರ್ಣಾಯಕ ಅಲ್ಲ. ಷರತ್ತು ಏನಿದೆ ನೋಡಿ. 'ಕೊಳ್ಳುವವರು ತಪ್ಪಿದರೆ ಈ ಹಣ ವಾಪಸ್ ಇಲ್ಲ' ಅಂತ ಇದ್ದರೆ ನಿಮ್ಮ ಕಡೆ ಬಲ ಕಡಿಮೆ. ಅಂಥ ಮಾತೇ ಇಲ್ಲದೆ, 18 ಲಕ್ಷದಲ್ಲಿ ಈ 50,000 ಸಂದಾಯ ಆಗಿದೆ ಅಂತ ಮಾತ್ರ ಇದ್ದರೆ ವಾಪಸ್ ಕೇಳಲು ಒಳ್ಳೆಯ ದಾರಿ ಇದೆ. ಆದರೂ ಅವರಿಗೆ ನಿಜವಾಗಿ ನಷ್ಟ ಆಗಿದ್ದರೆ ತಕ್ಕಷ್ಟು ಪರಿಹಾರ ಕೇಳಬಹುದು. ಹಾಳೆ ಹಿಡಿದು ವಕೀಲರ ಹತ್ತಿರ ಒಮ್ಮೆ ಹೋಗಿ ಬನ್ನಿ. ಬೇರೆ ಸೈಟ್ ಮಾತಾಡುವಾಗ 'ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಪೂರ್ತಿ ವಾಪಸ್' ಅಂತ ಮೊದಲೇ ಬರೆಸಿಕೊಳ್ಳಿ.

ಕಂಟ್ರಾಕ್ಟರ್‌ಗಳು ಟೆಂಡರ್ ಹಾಕುವಾಗ ಇಎಂಡಿ ಕಟ್ಟುತ್ತಾರಲ್ಲ, ಅದರ ಪೂರ್ತಿ ಹೆಸರು ಅರ್ನೆಸ್ಟ್ ಮನಿ ಡಿಪಾಸಿಟ್. ಟೆಂಡರ್ ಸಿಗದವರಿಗೆ ವಾಪಸ್. ಸಿಕ್ಕ ಮೇಲೆ ಕೆಲಸ ಬೇಡ ಅಂದವರಿಗೆ ಇಲ್ಲ. ಸಂಚಕಾರ, ಠೇವಣಿ ಎರಡೂ ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ.

ಪ್ರಶ್ನೆ: ಹರಿಹರದಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುತ್ತೇವೆ. ಜಿಎಸ್‌ಟಿ ಮಾಡಿಸಿದ್ದೇವೆ. ಗಿರಾಕಿಯಿಂದ ಅಡ್ವಾನ್ಸ್ ತಗೊಂಡಾಗಲೂ ಡಿಪಾಸಿಟ್ ತಗೊಂಡಾಗಲೂ ಟ್ಯಾಕ್ಸ್ ಕಟ್ಟಬೇಕಾ?

ಉತ್ತರ: ನಿಮ್ಮದು ಸರ್ವೀಸ್. ಹಾಗಾಗಿ ಅಡ್ವಾನ್ಸ್ ಕೈಗೆ ಬಂದ ತಿಂಗಳೇ ಅದರ ಮೇಲೆ ಜಿಎಸ್‌ಟಿ ಬರುತ್ತದೆ, ರಸೀದಿ ವೋಚರ್ ಕೊಡಬೇಕು. ಡಿಪಾಸಿಟ್‌ಗೆ ಬರುವುದಿಲ್ಲ. ಅದನ್ನು ಬಾಡಿಗೆಗೆ ಹಿಡಿದುಕೊಂಡ ದಿನ ಅದು ಆದಾಯ ಆಗುತ್ತದೆ, ಟ್ಯಾಕ್ಸ್ ಅವತ್ತು. ಅದಕ್ಕೇ ಎರಡನ್ನೂ ಒಂದೇ ಮೊತ್ತವಾಗಿ ಬರೆಯಬೇಡಿ, ಎರಡು ಸಾಲು ಮಾಡಿ. ನಿಮ್ಮ ಪಕ್ಕದ ಅಲ್ಮೆರಾ ಅಂಗಡಿಯವರು 'ನಮಗೆ ಅಡ್ವಾನ್ಸ್ ಮೇಲೆ ಟ್ಯಾಕ್ಸೇ ಇಲ್ಲ' ಅಂದರೆ ಅದೂ ನಿಜ. ವಸ್ತು ಮಾರುವವರಿಗೆ 2017ರ ನವೆಂಬರ್‌ನಿಂದ ಅಡ್ವಾನ್ಸ್ ಮೇಲೆ ಇಲ್ಲ, ಬಿಲ್ ಮಾಡುವಾಗ ಮಾತ್ರ. ಅವರ ಮಾತು ಕೇಳಿ ನೀವು ಬಿಟ್ಟರೆ ನೋಟಿಸ್ ಬರುವುದು ನಿಮಗೆ. ಅಡ್ವಾನ್ಸ್ ಕೊಟ್ಟ ಗಿರಾಕಿ ಮದುವೆಯನ್ನೇ ಮುಂದೂಡಿ ದುಡ್ಡು ವಾಪಸ್ ತಗೊಂಡರೆ ರಿಫಂಡ್ ವೋಚರ್ ಬರೆದಿಡಿ.

ಪ್ರಶ್ನೆ: ಚುನಾವಣೆಯಲ್ಲಿ 'ಠೇವಣಿ ಕಳೆದುಕೊಂಡರು' ಅಂತಾರೆ. ಠೇವಣಿ ವಾಪಸ್ ಬರುವ ದುಡ್ಡು ಅಲ್ವಾ? (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ವಾಪಸ್ ಬರುವ ದುಡ್ಡೇ, ಆದರೆ ಷರತ್ತು ಪೂರೈಸಿದರೆ. ಕುರ್ಚಿ ಮುರಿದರೆ ನಮ್ಮ ಭಾವನ ಡಿಪಾಸಿಟ್ ಕರಗಿದ ಹಾಗೆ. ಸಾಮಾನ್ಯ ವರ್ಗದ ಅಭ್ಯರ್ಥಿ ಲೋಕಸಭೆಗೆ 25,000, ವಿಧಾನಸಭೆಗೆ 10,000 ಇಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಸುಮ್ನೆ ತಮಾಷೆಗೆ ಯಾರೂ ನಿಲ್ಲಬಾರದು ಅಂತ ಈ ಏರ್ಪಾಡು. ಗೆದ್ದವರಿಗೆ ವಾಪಸ್ ಸಿಗುತ್ತದೆ. ಸೋತವರಿಗೆ ಸಿಗಬೇಕಾದರೆ ಸಿಂಧುವಾದ ಮತಗಳ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದಿರಬೇಕು. ನೋಟಾ ಮತ ಈ ಲೆಕ್ಕಕ್ಕೆ ಸೇರುವುದಿಲ್ಲ. 1,20,000 ಮತ ಇದ್ದರೆ ಆರನೇ ಒಂದು ಭಾಗ 20,000. ಸರಿಯಾಗಿ 20,000 ಬಂದರೂ ದುಡ್ಡು ಹೋಯಿತು. 20,001 ಬೇಕು.